ಮಾಟದ ಆರೋಪ ಹೊತ್ತ ವಲಸೆಗಾರ್ತಿ ಪೂರ್ವಜೆಯ ಜಾಡು ಹಿಡಿಯುವುದು ಹೇಗೆ?

ಮೈಸೂರಿನ ಅಜ್ಜಿಯೊಬ್ಬರು ಕೇಳಿದ್ದು

ನನ್ನ ಮಗಳು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ನೆಲೆಸಿದ್ದಾಳೆ, ಅಳಿಯಂದಿರು ಅಲ್ಲಿಯವರೇ. ಮೊಮ್ಮಗನಿಗೆ ಶಾಲೆಯಲ್ಲಿ ಎರಡೂ ಮನೆತನಗಳ ವಂಶವೃಕ್ಷ ಬರೆದು ತರಲು ಹೇಳಿದ್ದಾರೆ. ನಮ್ಮ ಕಡೆಯದನ್ನು ನಾನು ಬರೆಸಿಕೊಟ್ಟೆ. ಬೀಗಿತ್ತಿಯವರು ಹೇಳುವ ಪ್ರಕಾರ, ಅವರ ವಂಶದ ಸೂಸನ್ನಾ ಮಾರ್ಟಿನ್ ಎಂಬಾಕೆ ಇಂಗ್ಲೆಂಡಿನಿಂದ ವಲಸೆ ಬಂದವಳು, ಆಕೆಯನ್ನು ಮಾಟಗಾತಿಯೆಂದು ಸೇಲಂನಲ್ಲಿ ಸುಟ್ಟರು. ಮನೆಯಲ್ಲಿ ಕಾಗದಪತ್ರ ಯಾವುದೂ ಉಳಿದಿಲ್ಲ. ಇದು ನಿಜವೇ ಎಂದು ತಿಳಿಯುವುದು ಹೇಗೆ? ನಿಜವಾದರೆ ಮಗುವಿನ ಕೈಯಲ್ಲಿ ಇದನ್ನು ಬರೆಸಬಹುದೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಬಾಸ್ಟನ್ ಸಮೀಪದಿಂದ ಬಂದ ಉತ್ತರ

ಅಮ್ಮಾ, ನನ್ನ ಹೆಂಡತಿಯ ತಾಯಿಯ ಕಡೆಯವರು ಎಸೆಕ್ಸ್ ಕೌಂಟಿಯ (ಸೇಲಂ ಇರುವ ಜಿಲ್ಲೆ) ಹಳಬರಾದ್ದರಿಂದ ಈ ಹುಡುಕಾಟದ ದಾರಿ ನನಗೆ ಪರಿಚಿತ. ಮೊದಲು ಒಂದು ತಿದ್ದುಪಡಿ: ಸೇಲಂನಲ್ಲಿ ಯಾರನ್ನೂ ಸುಡಲಿಲ್ಲ. 1692ರಲ್ಲಿ ಅಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ವಿಚಾರಣೆಗೆ ಒಳಪಡಲು ಒಪ್ಪದ ಜೈಲ್ಸ್ ಕೋರಿ ಎಂಬ ಮುದುಕನನ್ನು ಎದೆಯ ಮೇಲೆ ಕಲ್ಲು ಹೇರಿ ಕೊಂದರು. ಕನಿಷ್ಠ ಐವರು ಸೆರೆಮನೆಯಲ್ಲೇ ಪ್ರಾಣ ಬಿಟ್ಟರು. ಸುಟ್ಟರೆಂಬ ಮಾತು ಅಲ್ಲಿಯ ಎಷ್ಟೋ ಮನೆಗಳಲ್ಲಿ ಬಾಯಿಂದ ಬಾಯಿಗೆ ಬಂದಿದೆ, ಅಷ್ಟರಿಂದಲೇ ಬೀಗಿತ್ತಿಯವರ ಮಾತನ್ನು ತಳ್ಳಿಹಾಕಬೇಕಾಗಿಲ್ಲ. ಸೂಸನ್ನಾ ಮಾರ್ಟಿನ್ ಎಂಬಾಕೆ ಇದ್ದದ್ದು ನಿಜ. 1621ರಲ್ಲಿ ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರಿನ ಓಲ್ನಿಯಲ್ಲಿ ಆಕೆಗೆ ದೀಕ್ಷಾಸ್ನಾನವಾಯಿತು. ತಂದೆ ರಿಚರ್ಡ್ ನಾರ್ತ್ ಜೊತೆ 1639ರ ಸುಮಾರಿಗೆ ಬಂದು ಮ್ಯಾಸಚೂಸೆಟ್ಸ್‌ನ ಸಾಲ್ಸ್‌ಬರಿಯಲ್ಲಿ ನೆಲೆಸಿದಳು. 1646ರಲ್ಲಿ ಕಮ್ಮಾರ ಜಾರ್ಜ್ ಮಾರ್ಟಿನ್‌ನನ್ನು ಮದುವೆಯಾಗಿ ಎಂಟು ಮಕ್ಕಳ ತಾಯಿಯಾದಳು. ವಿಧವೆಯಾಗಿದ್ದಾಗ 1692ರ ಜುಲೈ 19ರಂದು, ರೆಬೆಕಾ ನರ್ಸ್ ಮೊದಲಾದ ಇನ್ನೂ ನಾಲ್ವರು ಹೆಂಗಸರ ಜೊತೆ ಗಲ್ಲಿಗೇರಿದಳು.

ಹಾಗಾಗಿ ಹುಡುಕಬೇಕಾದದ್ದು ಆಕೆಯನ್ನಲ್ಲ, ಆಕೆಗೂ ನಿಮ್ಮ ಬೀಗಿತ್ತಿಯವರಿಗೂ ನಡುವಿನ ಕೊಂಡಿಗಳನ್ನು. ಹೆಚ್ಚಿನವರು ಪ್ರಸಿದ್ಧ ಹೆಸರಿನಿಂದ ಆರಂಭಿಸಿ ಕೆಳಗಿಳಿಯುತ್ತಾರೆ. ಮಾರ್ಟಿನ್ ಎಂಬ ಅಡ್ಡಹೆಸರಿನವರು ನ್ಯೂ ಇಂಗ್ಲೆಂಡಿನ, ಅಂದರೆ ಅಮೆರಿಕದ ಈ ಈಶಾನ್ಯ ರಾಜ್ಯಗಳ, ತುಂಬ ಇರುವುದರಿಂದ ಹಾಗೆ ಇಳಿದವರು ಎಲ್ಲಿ ಬೇಕಾದರೂ ತಲುಪಿಯಾರು. ಬೀಗಿತ್ತಿಯವರ ಜನನ ಪ್ರಮಾಣಪತ್ರದಿಂದ ಹೊರಟು, ಪ್ರತಿಯೊಂದು ತಲೆಮಾರಿಗೂ ಮಗು ಯಾರದೆಂದು ಹೇಳುವ ದಾಖಲೆಯೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಮೇಲಕ್ಕೆ ಹತ್ತಬೇಕು. ಮ್ಯಾಸಚೂಸೆಟ್ಸ್‌ನಲ್ಲಿ ರಾಜ್ಯಮಟ್ಟದ ಜನನ, ಮದುವೆ, ಮರಣ ನೋಂದಣಿ 1841ರಲ್ಲಿ ಆರಂಭವಾಯಿತು. ಮನೆಯಲ್ಲಿದ್ದ ಪ್ರತಿಯೊಬ್ಬರ ಹೆಸರನ್ನೂ ಬರೆದ ಮೊದಲ ಜನಗಣತಿ 1850ರದು. ಅದಕ್ಕೆ ಹಿಂದಿನವುಗಳಲ್ಲಿ ಯಜಮಾನನ ಹೆಸರು ಮಾತ್ರ ಸಿಗುತ್ತದೆ. ಅದಕ್ಕೂ ಹಿಂದಕ್ಕೆ ಊರೂರಿನ ನೋಂದಣಿಗಳನ್ನು 1850ರವರೆಗೆ ಸೇರಿಸಿ ಅಚ್ಚು ಹಾಕಿರುವ ಸಂಪುಟಗಳಿವೆ. ಬಹಳಷ್ಟು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಫ್ಯಾಮಿಲಿಸರ್ಚ್ ಎಂಬ ಜಾಲತಾಣವೂ ಉಚಿತ. ಆದರೆ ಅಲ್ಲಿ ಜನ ತಾವೇ ಸೇರಿಸಿದ ವಂಶವೃಕ್ಷಗಳನ್ನು ಸುಳಿವಾಗಿ ನೋಡಿ, ಸಾಕ್ಷ್ಯವಾಗಿ ಬಳಸಬೇಡಿ.

ಈ ವಂಶದಲ್ಲೇ ಒಂದು ಕವಲಿದೆ, ಅದನ್ನು ಗಮನಿಸಲೇಬೇಕು. ಜಾರ್ಜ್ ಮಾರ್ಟಿನ್‌ಗೆ ಮೊದಲ ಹೆಂಡತಿಯಿಂದ ಹನ್ನಾ ಎಂಬ ಮಗಳಿದ್ದಳು. ಆ ಮಗಳ ಸಂತತಿಯವರು ಜಾರ್ಜ್‌ನ ವಂಶಸ್ಥರೇ ಹೊರತು ಸೂಸನ್ನಾಳ ರಕ್ತಸಂಬಂಧಿಗಳಲ್ಲ. ಮೇಲಕ್ಕೆ ಹತ್ತುತ್ತ ಆ ಮನೆಯನ್ನು ತಲುಪಿದಾಗ, ತಂದೆಯ ಹೆಸರು ಹೊಂದಿತೆಂದು ಅಲ್ಲಿಗೇ ನಿಲ್ಲದೆ ತಾಯಿ ಯಾರೆಂದು ಖಚಿತಪಡಿಸಿಕೊಳ್ಳಿ.

ನ್ಯಾಯಾಲಯದ ಕಡತಗಳ ವಿಷಯಕ್ಕೆ ಬಂದರೆ, 1692ರ ವಾರಂಟು, ವಿಚಾರಣೆ, ಸಾಕ್ಷಿ ಹೇಳಿಕೆಗಳ ಅಕ್ಷರ ಪ್ರತಿಗಳನ್ನು ವರ್ಜೀನಿಯಾ ವಿಶ್ವವಿದ್ಯಾಲಯದವರು ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಓದಿದರೆ ಮನಸ್ಸು ಕಲಕುತ್ತದೆ. ವಿಚಾರಣೆಯಲ್ಲಿ ಆಪಾದಿಸಿದ ಹುಡುಗಿಯರು ಹೊರಳಾಡುವುದನ್ನು ಕಂಡು ಸೂಸನ್ನಾ ನಕ್ಕಳೆಂದು ದಾಖಲಾಗಿದೆ; ಎಪ್ಪತ್ತು ದಾಟಿದ್ದ ಆ ಹೆಂಗಸಿನ ಧೈರ್ಯವನ್ನು ನೆನೆದಾಗಲೆಲ್ಲ ನನಗೆ ಗೌರವ ಮೂಡುತ್ತದೆ. ಆದರೆ ವಂಶ ಹುಡುಕುವವರು ಓದಬೇಕಾದ ಬಗೆ ಬೇರೆ. ಒಬ್ಬಾತ ಆಕೆಯ ಸಾಮಾನನ್ನು ಗಾಡಿಯಲ್ಲಿ ಸಾಗಿಸಲು ಒಪ್ಪದಿದ್ದುದಕ್ಕೆ ತನ್ನ ಎತ್ತುಗಳು ಕಡಲು ಹೊಕ್ಕು ನಾಶವಾದವು ಎನ್ನುತ್ತಾನೆ. ಒಬ್ಬಳು, ಕೆಸರಿನ ದಾರಿಯಲ್ಲಿ ಏಮ್ಸ್‌ಬರಿಯಿಂದ ನ್ಯೂಬರಿಗೆ ನಡೆದು ಬಂದರೂ ಆಕೆಯ ಪಾದ ಒದ್ದೆಯಾಗಿರಲಿಲ್ಲ ಎನ್ನುತ್ತಾಳೆ. ಮಾಟದ ಮಾತನ್ನು ಬದಿಗಿಟ್ಟು ನೋಡಿದರೆ ಆಕೆ ಯಾವ ಊರಿನವಳು, ನೆರೆಹೊರೆಯವರು ಯಾರು, ಯಾರ ಮನೆಗೆ ಹೋಗಿಬರುತ್ತಿದ್ದಳು ಎಂಬುದೆಲ್ಲ ಅಲ್ಲೇ ಇದೆ. ಸಾಕ್ಷಿಗಳ ವಯಸ್ಸನ್ನೂ ಸಾಮಾನ್ಯವಾಗಿ ಬರೆದಿರುವುದರಿಂದ ಬೇರೆಡೆ ಸಿಗದ ಜನ್ಮವರ್ಷವೂ ಸುಮಾರಾಗಿ ತಿಳಿಯುತ್ತದೆ.

ಕನೆಕ್ಟಿಕಟ್‌ನಿಂದ ಬಂದ ಉತ್ತರ

ಮೇಲಿನವರು ಹೇಳಿದ್ದಕ್ಕೆ ನನ್ನದೂ ಸ್ವಲ್ಪ ಸೇರಿಸುತ್ತೇನೆ. 1692ರ ಕಡತಕ್ಕಷ್ಟೇ ಕಟ್ಟುಬೀಳಬೇಡಿ. ಆರೋಪ ಎಷ್ಟೋ ಸಲ ದಶಕಗಳ ಮೊದಲೇ ಹುಟ್ಟಿಕೊಂಡಿರುತ್ತದೆ, ಅದು ಸಿಗುವುದು ಮಾನನಷ್ಟದ ದಾವೆಗಳಲ್ಲಿ. ಸೂಸನ್ನಾಳ ಮೇಲೆ ಮೊದಲ ಆರೋಪ ಬಂದದ್ದು 1669ರಲ್ಲಿ, ಆಗ ಜಾರ್ಜ್ ಮಾರ್ಟಿನ್ ಹೆಂಡತಿಯ ಪರವಾಗಿ ದಾವೆ ಹೂಡಿದ. ಅನಂತರ ಆಕೆ, ಆಕೆಯ ಸಹೋದರಿ ಮೇರಿ ಜೋನ್ಸ್ ತಂದೆಯ ಉಯಿಲಿನ ಬಗ್ಗೆಯೂ ಕೋರ್ಟಿಗೆ ಹೋದರು. ವಂಶಾವಳಿಯ ದೃಷ್ಟಿಯಿಂದ ಆಸ್ತಿಯ ಆ ವ್ಯಾಜ್ಯ ಮಾಟದ ಮೊಕದ್ದಮೆಗಿಂತ ಬೆಲೆಯುಳ್ಳದ್ದು, ಏಕೆಂದರೆ ಯಾರು ಯಾರ ಮಗಳು, ಯಾರ ಮೊಮ್ಮಗಳು ಎಂಬುದನ್ನು ಕಕ್ಷಿದಾರರೇ ಬಾಯಿಬಿಟ್ಟು ಹೇಳಿರುತ್ತಾರೆ.

ಆಗಿನ ಗಡಿಗಳು ಈಗಿನವಲ್ಲ ಎಂಬುದೂ ನೆನಪಿರಲಿ. ಸಾಲ್ಸ್‌ಬರಿ 1643ರಿಂದ 1680ರವರೆಗೆ ಎಸೆಕ್ಸ್‌ಗಲ್ಲ, ಹಳೆಯ ನಾರ್‌ಫೋಕ್ ಕೌಂಟಿಗೆ ಸೇರಿತ್ತು. ಅದೇ ಹೆಸರಿನ ಈಗಿನ ಕೌಂಟಿ ಬಾಸ್ಟನ್ನಿನ ದಕ್ಷಿಣಕ್ಕಿದೆ, ಅಲ್ಲಿ ವಿಚಾರಿಸಿದರೆ ಏನೂ ಸಿಗದು. ಇನ್ನು ತಾರೀಖುಗಳು: 1752ಕ್ಕೆ ಮೊದಲು ಇಂಗ್ಲಿಷರ ವರ್ಷ ಮಾರ್ಚ್ 25ರಂದು ಆರಂಭವಾಗುತ್ತಿದ್ದುದರಿಂದ ಜನವರಿ, ಫೆಬ್ರವರಿಯ ಘಟನೆಗಳನ್ನು 1691/92 ಎಂದು ಜೋಡಿಯಾಗಿ ಬರೆಯುತ್ತಾರೆ, ಕಂಡಂತೆಯೇ ನಕಲು ಮಾಡಿಕೊಳ್ಳಿ.

ನಾನು ಈ ಕಡೆಯ ಕ್ಯಾಥರೀನ್ ಹ್ಯಾರಿಸನ್ ಎಂಬ ವಿಧವೆಯ ದಾಖಲೆಗಳನ್ನು ಮಗಳ ಗಂಡನಿಗಾಗಿ ಹುಡುಕಿದ್ದೆ. ವೆದರ್ಸ್‌ಫೀಲ್ಡಿನ ಆಕೆಯನ್ನು 1669ರಲ್ಲಿ ಜ್ಯೂರಿ ಅಪರಾಧಿಯೆಂದಿತು, ಆದರೆ ನ್ಯಾಯಾಧೀಶರು ಮರುವರ್ಷ ಬಿಟ್ಟು ಊರು ತೊರೆಯುವಂತೆ ಹೇಳಿದರು. ಆಮೇಲಿನ ಅವಳ ಸುದ್ದಿ ನ್ಯೂಯಾರ್ಕಿನ ದಾಖಲೆಗಳಲ್ಲಿದೆ. ಆರೋಪಿ ಒಂದೆಡೆ ಕಾಣದಾದರೆ ಪಕ್ಕದ ವಸಾಹತಿನಲ್ಲಿ ನೋಡಬೇಕೆಂದು ಹೇಳಲು ಇದನ್ನು ಬರೆದೆ.

ನ್ಯೂ ಹ್ಯಾಂಪ್‌ಶೈರ್‌ನಿಂದ ಬಂದ ಉತ್ತರ

ಮಗುವಿನ ಕೈಯಲ್ಲಿ ಬರೆಸಬಹುದೇ ಎಂದು ಕೇಳಿದ್ದೀರಿ. ಖಂಡಿತ ಬರೆಸಿ, ಅಮ್ಮ. ತಪ್ಪು ಆಕೆಯದಲ್ಲ. 1711ರಲ್ಲಿ ಮ್ಯಾಸಚೂಸೆಟ್ಸ್ ಸರ್ಕಾರ ಹಲವರ ಮೇಲಿನ ತೀರ್ಪು ರದ್ದುಮಾಡಿ ಕುಟುಂಬಗಳಿಗೆ ಪರಿಹಾರ ಕೊಟ್ಟಾಗ ಸೂಸನ್ನಾಳ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಅರ್ಜಿ ಹಾಕಿದ ಮನೆಯವರ ಹೆಸರುಗಳು ಮುಖ್ಯವಾಗಿ ಸೇರಿದ್ದ ಪಟ್ಟಿ ಅದು. ಆದ್ದರಿಂದ ಪರಿಹಾರದ ಪಟ್ಟಿಯಲ್ಲಿ ಹೆಸರಿಲ್ಲವೆಂದು ಬೀಗಿತ್ತಿಯವರ ಮಾತನ್ನು ಯಾರಾದರೂ ಅಲ್ಲಗಳೆದರೆ ಒಪ್ಪಬೇಡಿ. ಬ್ರಿಜೆಟ್ ಬಿಷಪ್ ಮೊದಲಾದ ನಾಲ್ವರ ಜೊತೆ ಆಕೆಯ ಹೆಸರನ್ನೂ ಸೇರಿಸಿ ನಿರ್ದೋಷಿಯೆಂದು ಸಾರಿದ ಕಾನೂನು ಬಂದದ್ದು 2001ರಲ್ಲಿ. ಮೊಮ್ಮಗನಿಗೆ ಇದನ್ನೂ ಹೇಳಿ: ಮಕ್ಕಳಿಲ್ಲದೆ ತೀರಿಕೊಂಡ ಎಲಿಜಬೆತ್ ಜಾನ್ಸನ್ ಎಂಬಾಕೆಯ ಪರ ಕೇಳಲು ವಂಶಸ್ಥರೇ ಇರಲಿಲ್ಲ, ನಾರ್ತ್ ಆ್ಯಂಡೋವರ್‌ನ ಎಂಟನೆಯ ತರಗತಿಯ ಮಕ್ಕಳು ಟೀಚರ ಜೊತೆ ಸೇರಿ ಆಕೆಯ ಪರವಾಗಿ ಪ್ರಯತ್ನಿಸಿದರು, 2022ರಲ್ಲಿ ಆಕೆಯೂ ದೋಷಮುಕ್ತಳಾದಳು.

ಶಾಲೆಯ ಕಾಗದ ಒಪ್ಪಿಸುವ ದಿನದೊಳಗೆ ಎಲ್ಲ ತಲೆಮಾರುಗಳೂ ಸಿಗುವುದು ಕಷ್ಟ. ದಾಖಲೆ ಸಿಕ್ಕ ಹೆಸರುಗಳನ್ನು ಶಾಯಿಯಲ್ಲಿ ಬರೆಸಿ, ಉಳಿದ ಕೊಂಡಿಗಳನ್ನು ಪೆನ್ಸಿಲಿನಲ್ಲಿ ಚುಕ್ಕೆಗೆರೆಯಾಗಿ ಬಿಡಿಸಿ, ಪಕ್ಕದಲ್ಲಿ ‘ಅಜ್ಜಿ ಹೇಳಿದ್ದು’ ಎಂದು ಬರೆಸಿದರೆ ಸಾಕು. ಬೀಗಿತ್ತಿಯವರ ತಾಯಿ ತಂದೆ, ಅಜ್ಜ ಅಜ್ಜಿಯರ ಹೆಸರು, ಅವರು ಹುಟ್ಟಿದ ಊರು ಇವಿಷ್ಟನ್ನು ಮೊದಲು ಕೇಳಿ ತಿಳಿದುಕೊಳ್ಳಿ. ಎಸೆಕ್ಸ್ ಕೌಂಟಿಯ ಅಥವಾ ನಮ್ಮ ಕಡೆಯ ಊರು ಯಾವುದಾದರೂ ಅದರಲ್ಲಿ ಇದ್ದರೆ ಇಲ್ಲಿ ಬರೆಯಿರಿ, ಆ ಊರಿನ ನೋಂದಣಿ ಸಂಪುಟವನ್ನು ನಾನು ನೋಡಿ ತಿಳಿಸುತ್ತೇನೆ.