ಪದಚರ್ಚೆ: ಫೈಟರ್ ಮೀನಿನ ಗೂಡು, ಬೆದೆ, ಕಾವು

ಬಳಗದವರಿಗೆಲ್ಲ ನಮಸ್ಕಾರ.

ತುಮಕೂರಿನಲ್ಲಿ ಫೈಟರ್ (ಬೆಟ್ಟಾ), ಗೌರಾಮಿಯಂಥ ಅಲಂಕಾರಿಕ ಮೀನು ಸಾಕುವ ಹೈಸ್ಕೂಲು ಮಕ್ಕಳಿಗಾಗಿ ಒಂದು ಸಣ್ಣ ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ಜೋಡಿ ಮರಿ ಮಾಡಲು ಸಿದ್ಧವಾಗಿದೆ ಎಂದು ನೋಡಿ ತಿಳಿಯುವುದು ಹೇಗೆ ಎಂಬುದಷ್ಟೇ ಅದರ ವಿಷಯ. ಅಂಗಡಿಯಲ್ಲಿ ಎಲ್ಲರೂ ‘ಬಬಲ್ ನೆಸ್ಟ್ ಕಟ್ಟಿದೆ’, ‘ಬ್ರೀಡಿಂಗ್‌ಗೆ ಬಂದೈತೆ’ ಅನ್ನುತ್ತಾರೆ. ಅದೂ ಕನ್ನಡವೇ, ತಕರಾರಿಲ್ಲ. ಆದರೆ ಮಗುವಿನ ಕಣ್ಣು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಪದವೇ ಕರೆದೊಯ್ದರೆ ಒಳ್ಳೆಯದಲ್ಲವೇ?

ಮೊದಲು ಗೂಡು. ಗಂಡು ಮೀನು ಮೇಲೆ ಬಂದು ಗಾಳಿ ಕುಡಿದು, ಬಾಯಿಯ ಲೋಳೆ ಸವರಿದ ಗುಳ್ಳೆಗಳನ್ನು ಒಂದೊಂದಾಗಿ ಉಗುಳಿ, ಎಲೆಯ ಅಡಿಯಲ್ಲೋ ತೊಟ್ಟಿಯ ಮೂಲೆಯಲ್ಲೋ ಕೂಡಿಸುತ್ತದೆ. ಇದನ್ನು ‘ನೊರೆಗೂಡು’ ಅನ್ನೋಣವೋ ‘ಗುಳ್ಳೆಗೂಡು’ ಅನ್ನೋಣವೋ? ನೊರೆ ಕಿವಿಗೆ ಹಿತ. ಆದರೆ ನೀರು ಕೆಟ್ಟಾಗ ತೊಟ್ಟಿಯ ಮೇಲೆ ಏಳುವುದೂ ನೊರೆಯೇ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬಂದಾಗ ಕೆರೆಯ ಮೇಲೆ ಎದ್ದ ನೊರೆ ಕಂಡ ಕೋಲಾರದವರಿಗೆ ಆ ಪದ ಮೊದಲು ನೆನಪಿಸುವುದು ಅದನ್ನೇ. ಕೊಳೆಯ ನೊರೆ ಚದುರಿ ತೇಲುತ್ತದೆ. ಗಂಡು ಕಟ್ಟಿದ್ದು ಒಂದೇ ಕಡೆ ಒತ್ತೊತ್ತಾಗಿ ನಿಂತಿರುತ್ತದೆ, ಒಡೆದ ಗುಳ್ಳೆಯ ಜಾಗಕ್ಕೆ ಹೊಸದು ಬರುತ್ತಿರುತ್ತದೆ. ಈ ವ್ಯತ್ಯಾಸ ಉಳಿಯಲೆಂದು ನನ್ನ ಒಲವು ಗುಳ್ಳೆಗೂಡಿನ ಕಡೆಗೆ. ಗೂಡು ಕಂಡ ಮಾತ್ರಕ್ಕೆ ಹೆಣ್ಣನ್ನು ಬಿಡಬಾರದು ಎಂದೂ ಬರೆದಿದ್ದೇನೆ. ಒಂಟಿ ಗಂಡೂ ಸುಮ್ಮನೆ ಗೂಡು ಕಟ್ಟುತ್ತದೆ.

ಎರಡನೆಯದು ಬೆದೆ. ನಮ್ಮ ಕಡೆ ‘ಹಸು ಬೆದೆಗೆ ಬಂದೈತೆ’ ಎಂದರೆ ವಿವರಿಸಬೇಕಾದ್ದೇ ಇಲ್ಲ. ಹೆಣ್ಣು ಫೈಟರ್‌ನ ಲಕ್ಷಣಗಳೂ ಅಷ್ಟೇ ಸ್ಪಷ್ಟ: ಹೊಟ್ಟೆ ದುಂಡಗಾಗುತ್ತದೆ, ಹೊಟ್ಟೆಯಡಿ ಮೊಟ್ಟೆ ಬರುವ ಕಡೆ ಅಕ್ಕಿಯ ನುಚ್ಚಿನಂಥ ಬಿಳಿ ಚುಕ್ಕೆ ಎದ್ದು ಕಾಣುತ್ತದೆ, ಮೈಮೇಲೆ ಮೇಲಿಂದ ಕೆಳಕ್ಕೆ ಪಟ್ಟೆ ಮೂಡುತ್ತವೆ, ಗಂಡಿನೆದುರು ತಲೆ ತಗ್ಗಿಸಿ ನಿಲ್ಲುತ್ತದೆ. ಪಟ್ಟೆ ತಲೆಯಿಂದ ಬಾಲದ ಕಡೆಗೆ ಉದ್ದಕ್ಕೆ ಹೋಗಿದ್ದರೆ ಅದು ಹೆದರಿಕೆಯ ಗುರುತು. ಆಗ ಜೋಡಿ ಮಾಡಿದರೆ ಗಂಡು ಅದನ್ನು ಹರಿದುಹಾಕಬಹುದು. ಆದ್ದರಿಂದ ‘ಅಡ್ಡಪಟ್ಟೆ, ಉದ್ದಪಟ್ಟೆ’ ಎಂದರೆ ಸಾಕೇ, ಅಥವಾ ಮಕ್ಕಳು ಅವನ್ನೇ ತಿರುವುಮುರುವು ಮಾಡಿಕೊಳ್ಳುತ್ತಾರೆಯೇ? ಮಾಡಿಕೊಳ್ಳುತ್ತಾರೆ ಎಂಬ ಅಳುಕು ನನಗಿದೆ. ಬಣ್ಣ ತೀರ ತೆಳುವಾದ ಮೀನುಗಳಲ್ಲಂತೂ ಪಟ್ಟೆ ಕಾಣುವುದೇ ಕಷ್ಟ. ಇನ್ನೊಂದು ತೊಡಕು, ಬೆದೆ ಹೆಣ್ಣಿನ ಮಾತು. ಬಣ್ಣ ಗಾಢವಾಗಿ, ಕಿವಿರಿನ ಮುಚ್ಚಳ ಅರಳಿಸಿ, ಮೈ ಬಳುಕಿಸುತ್ತ ಹೆಣ್ಣನ್ನು ಗೂಡಿನ ಕೆಳಗೆ ಕರೆಯುವ ಗಂಡಿಗೆ ಅದು ಒಪ್ಪುವುದಿಲ್ಲ. ಮಳೆ ಬಿದ್ದ ಹೊಲಕ್ಕೆ ಹೇಳುವ ‘ಹದಕ್ಕೆ ಬಂದಿದೆ’ ಎಂಬುದನ್ನು ಇಡೀ ಜೋಡಿಗೆ ಹೇಳಬಹುದೇ?

ಮೂರನೆಯದು ಕಾವು. ಇದೇ ನನಗೆ ಬಹಳ ಮುಖ್ಯ. ಗಂಡು ಹೆಣ್ಣನ್ನು ಮೈಯಿಂದ ಸುತ್ತಿ ಅಪ್ಪುತ್ತದೆ, ಮೊಟ್ಟೆ ಉದುರುತ್ತವೆ. ಫೈಟರ್‌ನ ಮೊಟ್ಟೆ ಮುಳುಗುತ್ತವೆ. ಗಂಡು ಅವನ್ನು ಬಾಯಲ್ಲಿ ಆಯ್ದು ಗುಳ್ಳೆಗಳ ನಡುವೆ ಇಡುತ್ತದೆ. ಆಮೇಲೆ ಗೂಡು ಬಿಟ್ಟು ಕದಲುವುದಿಲ್ಲ, ಹೆಣ್ಣನ್ನೂ ಹತ್ತಿರ ಬಿಡುವುದಿಲ್ಲ. ಹೆಣ್ಣನ್ನು ಆಗಲೇ ಬೇರೆ ತೊಟ್ಟಿಗೆ ತೆಗೆಯಬೇಕು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮರಿ ಹೊರಬಂದು ಬಾಲ ಕೆಳಗಾಗಿ ಗೂಡಿಗೆ ಜೋತುಬೀಳುತ್ತವೆ, ಜಾರಿದವನ್ನು ಅಪ್ಪನೇ ಮತ್ತೆ ಮೇಲಕ್ಕೆ ತರುತ್ತದೆ. ಮರಿಗಳು ಅಡ್ಡಲಾಗಿ ಈಜತೊಡಗಿದಾಗ ಅಪ್ಪನನ್ನೂ ತೆಗೆಯಬೇಕು.

ಗಂಡಿನ ಈ ಕೆಲಸಕ್ಕೆ ಕರಡು ಓದಿದ ಗೆಳೆಯರೊಬ್ಬರು ‘ಕಾವು ಕೂತಿದೆ’ ಎಂದು ತಿದ್ದಿದರು. ಕೋಳಿಯ ನೆನಪಿನಿಂದ ಬಂದ ಮಾತು, ಚೆನ್ನಾಗಿಯೇ ಕೇಳುತ್ತದೆ. ಆದರೂ ಒಪ್ಪಲಾರೆ. ಕೋಳಿ ತನ್ನ ಮೈಬಿಸಿಯಿಂದ ಮೊಟ್ಟೆ ಬಲಿಸುತ್ತದೆ. ಈ ಮೀನಿಗೆ ಕೊಡಲು ಬಿಸಿಯೇ ಇಲ್ಲ, ಮೊಟ್ಟೆ ಬಲಿಯುವುದು ನೀರಿನ ಬಿಸಿಯಿಂದ. 26ರಿಂದ 28 ಡಿಗ್ರಿ ಇರಬೇಕು. ‘ಕಾವು’ ಎಂದು ಓದಿದ ಮಗು, ಬಿಸಿ ಅಪ್ಪನೇ ಕೊಡುತ್ತದೆಂದು ಪುಷ್ಯ ಮಾಸದ ಚಳಿಯಲ್ಲಿ ಹೀಟರ್ ಆರಿಸಿಬಿಟ್ಟರೆ? ಅದಕ್ಕೆ ನನ್ನ ಸೂಚನೆ ‘ಕಾವಲು’. ಗಂಡು ಗೂಡು ಕಾಯುತ್ತದೆ, ಕಾವು ಕೊಡುವುದಿಲ್ಲ.

ಕೆರೆಯಲ್ಲಿ ಕೊರಮೀನು ತನ್ನ ಮರಿಗಳ ಹಿಂಡನ್ನು ಕಾಯುತ್ತ ತಿರುಗುವುದನ್ನು ಕಂಡವರು ನಿಮ್ಮಲ್ಲಿ ಇದ್ದೇ ಇರುತ್ತಾರೆ. ಹಾಗೆ ಕಾಯುವುದಕ್ಕೆ ಮಾಲೂರು, ಚಿಂತಾಮಣಿ, ಶಿರಾ, ಪಾವಗಡದ ಕಡೆ ಮೀನು ಹಿಡಿಯುವವರು ಏನೆನ್ನುತ್ತಾರೆ? ತೆಲುಗು ಬೆರೆತ ಮಾತಾದರೂ ಸರಿ, ಕೇಳಿದ ಹಾಗೆಯೇ ಬರೆದು ಕಳಿಸಿ. ಎರಡು ಬಗೆಯ ಪಟ್ಟೆಗಳಿಗೆ ಮಗುವೂ ತಪ್ಪದಂತೆ ಹೇಳಬಲ್ಲ ಪದಗಳಿದ್ದರೆ ಅವನ್ನೂ ತಿಳಿಸಿ. ಕೈಪಿಡಿ ಅಚ್ಚಿಗೆ ಹೋಗುವ ಮೊದಲು ಸೇರಿಸಿಕೊಳ್ಳುತ್ತೇನೆ.