ಫಿರಂಗಿಗೆ ಎದುರಾಗಿ ಕುಡುಗೋಲು ಹಿಡಿದು ನುಗ್ಗಿದ್ದು ಯಾಕೆ? (ಪೋಲೆಂಡ್, 1863)

ಗೌರಿಬಿದನೂರು ಹುಡುಗ:
ಎಲ್ಲರಿಗೂ ನಮಸ್ಕಾರ. ಪೋಲೆಂಡ್ ಇತಿಹಾಸ ಓದುತ್ತಿದ್ದೆ, ಒಂದು ಕಡೆ ಮುಂದಕ್ಕೆ ಹೋಗಲಾಗಲಿಲ್ಲ. 1863ರ ಫೆಬ್ರವರಿ 3, ವೆಂಗ್ರುಫ್ ಅನ್ನುವ ಊರು. ರಷ್ಯಾ ಸೈನ್ಯದ ಹತ್ತಿರ ಫಿರಂಗಿಗಳಿವೆ, ರಷ್ಯಾ ಆಳ್ವಿಕೆ ವಿರುದ್ಧ ಬಂಡೆದ್ದ ಪೋಲೆಂಡಿನವರಲ್ಲಿ ಎಷ್ಟೋ ಜನರ ಕೈಯಲ್ಲಿ ಬರೀ ಹುಲ್ಲು ಕೊಯ್ಯುವ ಕುಡುಗೋಲು. ಆದರೂ ಫಿರಂಗಿ ಮೇಲೇ ನುಗ್ಗಿದ್ದಾರೆ. ನಾನು ವಿದುರಾಶ್ವತ್ಥದ ಹತ್ತಿರ ಬೆಳೆದವನು, 1938ರ ಗೋಲಿಬಾರ್ ಬಗ್ಗೆ ತಾತನ ಬಾಯಲ್ಲಿ ಕೇಳುತ್ತಲೇ ದೊಡ್ಡವನಾದೆ, ಅದಕ್ಕೋ ಏನೋ ಇದು ಮನಸ್ಸಿನಿಂದ ಹೋಗುತ್ತಿಲ್ಲ. ಕುಡುಗೋಲಲ್ಲಿ ಯುದ್ಧ ಮಾಡೋದು ಹೇಗೆ? ಸಾಯುತ್ತೇವೆ ಅಂತ ಗೊತ್ತಿದ್ದೂ ಯಾಕೆ ಹೋದರು?

ತಿಪಟೂರು ಕುಲುಮೆ:
ನಮ್ಮದು ಕಮ್ಮಾರಿಕೆ ಮನೆ, ಮೊದಲನೇ ಪ್ರಶ್ನೆಗೆ ನಾನು ಹೇಳುತ್ತೇನೆ. ಅದು ನಮ್ಮ ರಾಗಿ ಕೊಯ್ಯುವ ಕುಡುಗೋಲಲ್ಲ. ಆಳೆತ್ತರದ ಕಾವು, ತುದಿಯಲ್ಲಿ ಅಡ್ಡಕ್ಕೆ ಉದ್ದನೆಯ ಅಲಗು, ನಿಂತುಕೊಂಡೇ ಬೀಸಿ ಹುಲ್ಲು ಕೊಯ್ಯುತ್ತಾರೆ. ಅಡ್ಡಕ್ಕಿದ್ದರೆ ಯುದ್ಧಕ್ಕೆ ಬರಲ್ಲ. ಅದಕ್ಕೇ ಊರಿನ ಕಮ್ಮಾರರು ಅಲಗಿನ ಬುಡ ಕಾಯಿಸಿ, ಬಡಿದು, ಕಾವಿನ ನೇರಕ್ಕೆ ತಿರುಗಿಸಿ ಕಬ್ಬಿಣದ ಬಳೆ ಹಾಕಿ ಬಿಗಿ ಮಾಡುತ್ತಿದ್ದರು. ಆಗ ಚುಚ್ಚಬಹುದು, ಕಡಿಯಲೂಬಹುದು. ಹತ್ತಿರಕ್ಕೆ ಹೋದರೆ ಭಯಂಕರ ಆಯುಧ ಅದು. ಹತ್ತಿರ ಹೋಗುವ ತನಕ ಬದುಕಿರಬೇಕಲ್ಲ, ಕಷ್ಟ ಅಲ್ಲೇ.

ಕೋಲಾರದ ಓದುಗ:
ಸುಮ್ನೆ ಸಾಯೋಕೆ ಹೋದವರಲ್ಲ ಅವರು. ಜೊತೆಯವರು ಊರು ಬಿಟ್ಟು ಹಿಂದಕ್ಕೆ ಸರಿಯಬೇಕಿತ್ತು, ಅಷ್ಟು ಹೊತ್ತು ಫಿರಂಗಿಗಳನ್ನು ತಡೆಯಲು ಇವರು ನುಗ್ಗಿದರು. ದಂಗೆ ಶುರುವಾಗಿ ಎರಡು ವಾರವೂ ಆಗಿರಲಿಲ್ಲ. ಪೋಲೆಂಡನ್ನು ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಮೂರೂ ಸೇರಿ ಹಂಚಿಕೊಂಡು 1795ಕ್ಕೇ ನಕ್ಷೆಯಿಂದ ಅಳಿಸಿದ್ದವು. 1863ರ ಜನವರಿ ಮಧ್ಯದಲ್ಲಿ ಒಂದು ರಾತ್ರಿ ವಾರ್ಸಾದ ಹುಡುಗರನ್ನು ಮನೆಮನೆಯಿಂದ ಹಿಡಿದು ರಷ್ಯಾ ಸೈನ್ಯಕ್ಕೆ ಸೇರಿಸೋಕೆ ಹೊರಟರು, ಎಷ್ಟೋ ಹುಡುಗರು ಕಾಡಿಗೆ ಓಡಿದರು, ಅಲ್ಲಿಗೆ ದಂಗೆಯನ್ನು ಮುಂದೂಡುವ ಹಾಗೇ ಇರಲಿಲ್ಲ, 22ಕ್ಕೆ ಶುರುವಾಯಿತು. ಬಂದೂಕು ಕೂಡಿಸಿಕೊಳ್ಳಲು ಸಮಯ ಎಲ್ಲಿತ್ತು? ವಿದುರಾಶ್ವತ್ಥ ಬೇರೆ ಅಣ್ಣ, ಅಲ್ಲಿ ಜನ ಬಂದದ್ದು ಬಾವುಟ ಹಾರಿಸೋಕೆ, ಹೊಡೆದಾಡೋಕಲ್ಲ.

ಚಿಂತಾಮಣಿಯವಳು:
ಒಂದು ಮಾತು ಸೇರಿಸಲೇಬೇಕು. ಕುಡುಗೋಲು ಅಂದ ತಕ್ಷಣ ಎಲ್ಲರೂ ರೈತರು ಅಂದುಕೊಳ್ಳುತ್ತೇವೆ, ಹಾಗಲ್ಲ. ಆ ಕಡೆ ದಂಗೆಗೆ ಹೋದವರಲ್ಲಿ ತುಂಡು ಭೂಮಿಯ ಬಡ ಕುಲೀನರು ಜಾಸ್ತಿ. ರೈತರಲ್ಲಿ ಎಷ್ಟೋ ಜನ ದೂರ ನಿಂತರು, ನನಗೆ ಅವರ ಮೇಲೆ ಸಿಟ್ಟಿಲ್ಲ. 1807ರಲ್ಲಿ ಅವರನ್ನು ಜೀತದಿಂದ ಬಿಟ್ಟರು, ಭೂಮಿ ಮಾತ್ರ ಒಡೆಯರದ್ದೇ. ನಮ್ಮ ತಾತ ಗೇಣಿಗೆ ಹೊಲ ಮಾಡುತ್ತಿದ್ದರು, 1974ರ ಕಾನೂನು ಬಂದ ಮೇಲೆ ಪಹಣಿಯಲ್ಲಿ ಹೆಸರು ಬಂತು. ಪಹಣಿ ಕೈಗೆ ಬರುವವರೆಗೂ ಯಾರ ಭರವಸೆಯನ್ನೂ ತಾತ ನಂಬಲಿಲ್ಲ ಅಂತ ಅಮ್ಮ ಹೇಳುತ್ತಾರೆ. ಬಂಡಾಯದ ಸರ್ಕಾರ ಮೊದಲ ದಿನವೇ ಉಳುವವನಿಗೆ ಭೂಮಿ ಅಂತ ಸಾರಿತು, ನಿಜ. ಆದರೆ ಕೊಡೋ ಶಕ್ತಿ ಇರಬೇಕಲ್ವಾ? 1864ರ ಮಾರ್ಚ್‌ನಲ್ಲಿ ರಷ್ಯಾದ ದೊರೆಯೇ ರೈತರಿಗೆ ಭೂಮಿ ಕೊಟ್ಟುಬಿಟ್ಟ, ದಂಗೆಯ ಬೇರು ಅಲ್ಲಿಗೆ ಒಣಗಿತು. ಕೊನೆಯ ನಾಯಕ ತ್ರಾವ್‌ಗುತ್‌ನನ್ನು ಅದೇ ಆಗಸ್ಟ್ 5ರಂದು ವಾರ್ಸಾದಲ್ಲಿ ನೇಣಿಗೆ ಹಾಕಿದರು.

ಗೌರಿಬಿದನೂರು ಹುಡುಗ:
ಅಕ್ಕಾ, ಭೂಮಿ ವಿಷಯ ನಾನು ಓದಿದ್ದರಲ್ಲಿ ಇರಲೇ ಇಲ್ಲ. ಕುಲುಮೆ ಅಣ್ಣ, ಆ ಅಲಗು ತಿರುಗಿಸೋದನ್ನು ಒಂದು ಚಿತ್ರ ಬರೆದು ಹಾಕುತ್ತೀರಾ? ತಾತನಿಗೆ ತೋರಿಸಬೇಕು.