ಒಂದೇ ವಿಶ್ವವಿದ್ಯಾಲಯದ ಎರಡು ಬ್ಯಾಸ್ಕೆಟ್‌ಬಾಲ್ ತಂಡಗಳ ನಡುವೆ ಇಷ್ಟು ಅಂತರವೇಕೆ?

ಪ್ರಶ್ನೆ

ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಪುರುಷರ ಮತ್ತು ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಪಂದ್ಯಗಳನ್ನು ಕೆಲವು ವರ್ಷಗಳಿಂದ ಬಿಡದೆ ನೋಡುತ್ತಿದ್ದೇನೆ. ಮಹಿಳೆಯರ ತಂಡಕ್ಕೆ ಬಂದ ಹುಡುಗಿ ನಮ್ಮ ಕಣ್ಣೆದುರೇ ನಾಲ್ಕು ವರ್ಷ ಆಡಿ ಪಳಗುತ್ತಾಳೆ. ಪುರುಷರ ತಂಡದಲ್ಲಾದರೆ ಹೊಸ ಪ್ರತಿಭೆಯ ಹೆಸರು ನಾಲಿಗೆಗೆ ರೂಢಿಯಾಗುವಷ್ಟರಲ್ಲಿ ಆತ ಹೊರಟೇ ಹೋಗಿರುತ್ತಾನೆ. ಪುರುಷರು 20 ನಿಮಿಷಗಳ ಎರಡು ಅವಧಿ ಆಡಿದರೆ ಮಹಿಳೆಯರು 10 ನಿಮಿಷಗಳ ನಾಲ್ಕು ಅವಧಿ ಆಡುತ್ತಾರೆ. ಈ ವ್ಯತ್ಯಾಸಗಳಿಗೆ ಕಾರಣವೇನು? ಎರಡೂ ತಂಡಗಳನ್ನು ಸರಿಸಮನಾಗಿ ಬೆಳೆಸುವುದು ಒಂದು ವಿಶ್ವವಿದ್ಯಾಲಯಕ್ಕೆ ನಿಜವಾಗಿಯೂ ಸಾಧ್ಯವೇ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಮೊದಲ ಉತ್ತರ

ನೀವು ಗಮನಿಸಿದ ಮೊದಲ ವ್ಯತ್ಯಾಸದ ಮೂಲ ವಿಶ್ವವಿದ್ಯಾಲಯದಲ್ಲಿಲ್ಲ, ವೃತ್ತಿಪರ ಲೀಗ್‌ಗಳ ನಿಯಮದಲ್ಲಿದೆ. ಪುರುಷರ ಎನ್‌ಬಿಎ ಸೇರಲು ಅಮೆರಿಕದ ಆಟಗಾರ ಆ ವರ್ಷ 19 ತುಂಬುವವನಾಗಿದ್ದು, ಪ್ರೌಢಶಾಲೆ ಮುಗಿದು ಒಂದು ವರ್ಷವಾಗಿದ್ದರೆ ಸಾಕು. ಮಹಿಳೆಯರ ಡಬ್ಲ್ಯುಎನ್‌ಬಿಎಗಾದರೆ ಅಮೆರಿಕದ ಆಟಗಾರ್ತಿ ಸಾಮಾನ್ಯವಾಗಿ ಆ ವರ್ಷ 22 ತುಂಬುವವಳಾಗಿರಬೇಕು ಅಥವಾ ಪದವಿ ಮುಗಿಸಿರಬೇಕು. ನಿಮ್ಮ ಮೆಚ್ಚಿನ ತಂಡಗಳಲ್ಲೇ ನೋಡಿ: ಸ್ಟೆಫನ್ ಕ್ಯಾಸಲ್ ಒಂದೇ ಋತು ಆಡಿ, 2024ರ ರಾಷ್ಟ್ರೀಯ ಪ್ರಶಸ್ತಿ ಗೆದ್ದು, ಅದೇ ವರ್ಷ ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಆಯ್ಕೆಯಲ್ಲಿ 4ನೆಯವನಾಗಿ ಹೋದ. 2020ರಲ್ಲಿ ಬಂದ ಪೇಜ್ ಬೆಕರ್ಸ್ ಮಂಡಿಯ ಗಾಯದಿಂದ ಒಂದು ಇಡೀ ಋತುವನ್ನೇ ಕಳೆದುಕೊಂಡು, ಮರಳಿ ಬಂದು, 2025ರಲ್ಲಿ ಪ್ರಶಸ್ತಿ ಗೆದ್ದ ನಂತರವೇ ಹೊರಟಳು. ಹೀಗಾಗಿ ಮಹಿಳೆಯರ ಕೋಚ್ ನಾಲ್ಕು ವರ್ಷದ ಲೆಕ್ಕ ಹಾಕಿ ತಂಡ ಕಟ್ಟಬಲ್ಲರು. ಆದರೆ ಈಗ ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ವರ್ಗವಾಗುವುದು ಸುಲಭವಾಗಿರುವುದರಿಂದ ಮಹಿಳೆಯರ ತಂಡಗಳಲ್ಲಿಯೂ ಆ ಸ್ಥಿರತೆ ಸಡಿಲವಾಗುತ್ತಿದೆ. ನನಗೆ ಅದು ಬೇಸರದ ಸಂಗತಿ.

ನಾಲ್ಕು ಅವಧಿಗಳ ಪದ್ಧತಿ ಮಹಿಳೆಯರಿಗೆ 2015-16ರ ಋತುವಿನಲ್ಲಿ ಬಂತು. ಒಂದು ತಂಡದ ಫೌಲ್‌ಗಳು (ನಿಯಮ ಮೀರಿದ ತಪ್ಪುಗಳು) ಮಿತಿ ದಾಟಿದರೆ ಎದುರಾಳಿಗೆ ಫ್ರೀ ಥ್ರೋ, ಅಂದರೆ ಅಡ್ಡಿಯಿಲ್ಲದೆ ಬುಟ್ಟಿಗೆ ಎಸೆಯುವ ಅವಕಾಶ ಸಿಗುತ್ತದೆ. ಮಹಿಳೆಯರಲ್ಲಿ ಫೌಲ್‌ಗಳ ಲೆಕ್ಕ ಪ್ರತಿ ಅವಧಿಗೂ ಹೊಸದಾಗಿ ಶುರುವಾಗುವುದರಿಂದ ಆಟ ಫ್ರೀ ಥ್ರೋಗಳಲ್ಲಿ ಸಿಕ್ಕಿಕೊಳ್ಳುವುದು ಕಡಿಮೆ.

ಎರಡನೆಯ ಉತ್ತರ

ಸರಿಸಮನಾಗಿ ಬೆಳೆಸುವುದು ಸಾಧ್ಯವೇ ಎಂಬುದಕ್ಕೆ ಉತ್ತರ ನೀವು ನೋಡುವ ವಿಶ್ವವಿದ್ಯಾಲಯವೇ ಆಗಿದೆ: ಅದರ ಎರಡೂ ತಂಡಗಳು 2004ರಲ್ಲಿ ಒಟ್ಟಿಗೆ ರಾಷ್ಟ್ರೀಯ ಪ್ರಶಸ್ತಿ ಗೆದ್ದವು, 2014ರಲ್ಲಿ ಮತ್ತೊಮ್ಮೆ ಗೆದ್ದವು. ಆದರೆ ಒಂದು ಸಂಸ್ಥೆಯ ಶ್ರದ್ಧೆಯಿಂದ ಇಡೀ ವ್ಯವಸ್ಥೆ ನೆಟ್ಟಗಾಗುವುದಿಲ್ಲ. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳು ಲಿಂಗಭೇದ ಮಾಡಬಾರದೆಂಬ ಟೈಟಲ್ ನೈನ್ ಕಾನೂನು 1972ರಲ್ಲೇ ಬಂದಿದ್ದರೂ, ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ, ಪುರುಷರಿಗೆ 1939ರಿಂದ ನಡೆಯುತ್ತಿದ್ದ ಟೂರ್ನಿಯನ್ನು ಮಹಿಳೆಯರಿಗೆ ಆರಂಭಿಸಿದ್ದು 1982ರಲ್ಲಿ. 2021ರಲ್ಲಿ ಪುರುಷರ ಟೂರ್ನಿಗೆ ದೊಡ್ಡ ವ್ಯಾಯಾಮಶಾಲೆ ಸಜ್ಜಾಗಿದ್ದಾಗ ಮಹಿಳೆಯರಿಗೆ ಸಿಕ್ಕಿದ್ದು ಡಂಬೆಲ್‌ಗಳ ಒಂದು ಸಣ್ಣ ಸ್ಟ್ಯಾಂಡ್ ಮತ್ತು ಕೆಲವು ಯೋಗದ ಚಾಪೆಗಳು. ಒರೆಗಾನ್ ತಂಡದ ಸೆಡೋನಾ ಪ್ರಿನ್ಸ್ ಅದನ್ನು ವಿಡಿಯೊ ಮಾಡಿ ತೋರಿಸಿದ ಮೇಲೆಯೇ ಜಗತ್ತಿಗೆ ಗೊತ್ತಾಯಿತು. ಪುರುಷರ ಟೂರ್ನಿಯ ಪ್ರಸಿದ್ಧ ಹೆಸರಾದ 'ಮಾರ್ಚ್ ಮ್ಯಾಡ್‌ನೆಸ್' ಅನ್ನು ಬಳಸುವ ಅವಕಾಶ ಮಹಿಳೆಯರ ಟೂರ್ನಿಗೆ ದೊರೆತದ್ದೂ ಅದರ ಮರುವರ್ಷವೇ.

ಮಹಿಳೆಯರ ಆಟಕ್ಕೆ ನೋಡುಗರಿಲ್ಲ ಎಂಬ ವಾದವನ್ನು ಇನ್ನು ಯಾರೂ ಮುಂದಿಡಬಾರದು. 2024ರ ಮಹಿಳೆಯರ ಫೈನಲ್ ಅನ್ನು ಅಮೆರಿಕದಲ್ಲಿ ಸರಾಸರಿ ಸುಮಾರು 1.89 ಕೋಟಿ ಜನ ನೋಡಿದರು. ಪುರುಷರ ಫೈನಲ್ ನೋಡಿದವರು ಸುಮಾರು 1.48 ಕೋಟಿ. ಟೂರ್ನಿಯಲ್ಲಿ ಗೆದ್ದದ್ದಕ್ಕಾಗಿ ಮಹಿಳೆಯರ ತಂಡಗಳ ಪಾಲಿಗೆ ಹಣ ಬರುವ ಏರ್ಪಾಡು ಶುರುವಾದದ್ದು ಮಾತ್ರ 2025ರಲ್ಲಿ.

ಮೂರನೆಯ ಉತ್ತರ

ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ನಾನು ಎರಡು ವರ್ಷ ಮಹಿಳೆಯರ ತಂಡದ ಅಭ್ಯಾಸದಲ್ಲಿ ಎದುರಾಳಿಯಾಗಿ ಆಡಿದ್ದೇನೆ. ಅಲ್ಲಿ ಅನೇಕ ಮಹಿಳಾ ತಂಡಗಳು ಹೀಗೆ ಹುಡುಗರನ್ನು ಅಭ್ಯಾಸಕ್ಕೆ ಕರೆದುಕೊಳ್ಳುತ್ತವೆ. ಸಂಬಳವಿಲ್ಲ, ಪಂದ್ಯದ ದಿನ ಬೆಂಚಿನಲ್ಲಿ ಜಾಗವೂ ಇಲ್ಲ. ಮುಂದಿನ ಪಂದ್ಯದ ಎದುರಾಳಿಗಳ ಚಲನೆಗಳನ್ನು ನಾವು ಕಲಿತು, ಅವರಂತೆಯೇ ಆಡಿ ತೋರಿಸಬೇಕಿತ್ತು. ಮಹಿಳೆಯರ ಚೆಂಡಿನ ಸುತ್ತಳತೆ 28.5 ಇಂಚು, ಪುರುಷರದಕ್ಕಿಂತ ಒಂದು ಇಂಚು ಕಡಿಮೆ. ಮೊದಲ ವಾರ ನಾನು ಎಸೆದ ಚೆಂಡೆಲ್ಲ ರಿಮ್‌ನ ಹಿಂಬದಿಗೆ ಬಡಿದು ಹೊರಗೆ ಬೀಳುತ್ತಿತ್ತು. ಎತ್ತರದಲ್ಲಿ ನನಗಿಂತ ಗೇಣುದ್ದ ಕಡಿಮೆಯಿದ್ದ ಆಟಗಾರ್ತಿಯೊಬ್ಬಳು ನಾನು ಯಾವ ಕಡೆಗೆ ತಿರುಗುವೆನೆಂದು ಭುಜ ನೋಡಿಯೇ ಗ್ರಹಿಸಿ, ಅಲ್ಲಿಗೆ ಮೊದಲೇ ಬಂದು ನಿಂತಿರುತ್ತಿದ್ದಳು.

ಸಮಾನತೆಯನ್ನು ಅಳೆಯಬೇಕಾದರೆ ಅಂಗಳದ ವೇಳಾಪಟ್ಟಿಯನ್ನು ನೋಡಿ ಎಂದು ನಾನು ಹೇಳುತ್ತೇನೆ. ನಾನು ಬಂದ ಮೊದಲ ವರ್ಷ ಮಧ್ಯಾಹ್ನದ ಅನುಕೂಲದ ಹೊತ್ತು ಸದಾ ಪುರುಷರ ತಂಡಕ್ಕೇ ಮೀಸಲಾಗಿತ್ತು, ಮಹಿಳೆಯರು ಬೆಳಗಿನ 6 ಗಂಟೆಗೆ ಬರಬೇಕಿತ್ತು. ಮರುವರ್ಷ ಮಹಿಳೆಯರ ಕೋಚ್ ಪಟ್ಟು ಹಿಡಿದು, ಆ ಹೊತ್ತನ್ನು ವಾರಕ್ಕೊಮ್ಮೆ ಅದಲುಬದಲು ಮಾಡಿಸಿದರು. ಆ ವರ್ಷ ಬೆಳಗಿನ ತರಗತಿಗಳಲ್ಲಿ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋಗುವ ಆಟಗಾರ್ತಿಯರು ನನಗೆ ಕಾಣಿಸುವುದು ಅಪರೂಪವಾಯಿತು.